ಕಲ್ಲುಕಣಿವೆಯ ಸಭಾಪಾಲಕರು

ಪಾದ್ರಿಗಳೆಂದರೆ ಆದಿತ್ಯವಾರದಲ್ಲಿ ಕರಿಯ ನಿಲುವಂಗಿಯನ್ನು ತೊಟ್ಟು ಪ್ರಸಂಗಪೀಠವನ್ನು ಏರುವವರು, ಮದುವೆಗೂ ಮರಣಕ್ಕೂ ಬಂದು ಪ್ರಾರ್ಥಿಸುವವರು ಎಂಬಷ್ಟೇ ತಿಳುವಳಿಕೆಯು ನಮ್ಮಲ್ಲಿ ಅನೇಕರಿಗೆ ಇರುವದು. ಮಿಕ್ಕ ಆರು ದಿವಸಗಳಲ್ಲಿ ಅವರಿಗೆ ಕೆಲಸವೇನು ಎಂದು ನಮ್ಮ ಹುಡುಗಿಯರು ಕೇಳುವದುಂಟು. ಕೇಳತಕ್ಕ ಪ್ರಶ್ನೆಯೇ. ಇದಕ್ಕೆ ಬರಿಯ ಮಾತಿನಲ್ಲಿ ಉತ್ತರ ಕೊಡುವದಕ್ಕಿಂತ, ಒಂದೇ ಬೆಟ್ಟದ ಸೀಮೆಯಲ್ಲಿ 59 ವರ್ಷ ಸಭಾಪಾಲಕರಾಗಿದ್ದ ಒಬ್ಬರ ಜೀವಿತವನ್ನು ತೋರಿಸುವದು ಲೇಸೆಂದು ನಾವು ಎಣಿಸುತ್ತೇವೆ.

ಲೂಥರನ್ ಸಭೆಯಲ್ಲಿ ಸಭಾಪಾಲಕನ ಉದ್ಯೋಗವು ಇಂಥಾದ್ದೆಂದು ಮೊದಲು ಹೇಳಬೇಕು. ವಾಕ್ಯವನ್ನು ಸಾರುವದು, ದೀಕ್ಷಾಸ್ನಾನವನ್ನೂ ಕರ್ತನ ರಾತ್ರಿಭೋಜನವನ್ನೂ ನಡಿಸುವದು, ಮಕ್ಕಳಿಗೆ ಪ್ರಶ್ನೋತ್ತರ ಪುಸ್ತಕವನ್ನು ಕಲಿಸಿ ಅವರನ್ನು ದೃಢೀಕರಣಕ್ಕೆ ಸಿದ್ಧಪಡಿಸುವದು, ರೋಗಿಗಳನ್ನು ಸಂದರ್ಶಿಸುವದು, ಸತ್ತವರನ್ನು ಹೂಣಿಡುವದು, ಇವೇ ಅವನಿಗೆ ನೇಮಕವಾದವುಗಳು. ಮಾರ್ಟಿನ್ ಲೂಥರರು ಸಾಕ್ಸನಿ ದೇಶದ ಹಳ್ಳಿಗಳಲ್ಲಿ ಜನರ ಅಜ್ಞಾನವನ್ನೂ ಬೋಧಕರಲ್ಲಿಯೇ ಅನೇಕರ ಅಜ್ಞಾನವನ್ನೂ ಕಂಡು ಮರುಗಿ, 1529ರಲ್ಲಿ ಚಿಕ್ಕ ಪ್ರಶ್ನೋತ್ತರ ಪುಸ್ತಕವನ್ನು ಬರೆದರು. ಅವರು ಬೋಧಿಸಿದ ಇನ್ನೊಂದು ಸಂಗತಿಯನ್ನು ಇಲ್ಲಿ ನೆನಪಿನಲ್ಲಿಡಬೇಕು. ದೇವರ ಕರೆಯು ಬೋಧಕನೊಬ್ಬನಿಗೇ ಮೀಸಲಾದದ್ದಲ್ಲ; ಮನೆಗೆಲಸದ ಹೆಣ್ಣಾಳು ತನ್ನ ಕೆಲಸವನ್ನು ನಂಬಿಕೆಯಿಂದ ಮಾಡಿದರೆ ಅದೂ ದೇವರ ಸೇವೆಯೇ. ಈ ಮಾತು ನಮ್ಮ ಕಥೆಯಲ್ಲಿ ಮುಂದೆ ಬೇಕಾಗುವದು.

ಫ್ರಾನ್ಸ್ ದೇಶದ ಪೂರ್ವಭಾಗದಲ್ಲಿರುವ ಆಲ್ಸೇಸ್ ಸೀಮೆಯ ವೋಜ್ ಬೆಟ್ಟಗಳ ನಡುವೆ ಸ್ಟೈನ್‌ಟಾಲ್ ಎಂಬ ಪ್ರದೇಶವುಂಟು. ಆ ಹೆಸರಿಗೆ ಕಲ್ಲುಕಣಿವೆಯೆಂದು ಅರ್ಥ. ಹೆಸರಿಗೆ ತಕ್ಕಂತೆ ನೆಲವು ಬಡನೆಲ, ಚಳಿಗಾಲವು ದೀರ್ಘ. ಜನರು ಆಡುತ್ತಿದ್ದದ್ದು ಫ್ರೆಂಚಿನ ಒಂದು ಒರಟು ಆಡುಮಾತು. 1750ರಲ್ಲಿ ಇಲ್ಲಿಗೆ ಸಭಾಪಾಲಕರಾಗಿ ಬಂದ ಸ್ಟೂಬರ್ ಎಂಬವರು ಶಾಲೆಯನ್ನು ನೋಡಬೇಕೆಂದು ಕೇಳಿದಾಗ, ಜನರು ಅವರನ್ನು ಒಂದು ಗುಡಿಸಲಿಗೆ ಕರಕೊಂಡು ಹೋದರಂತೆ. ಒಳಗೆ ಮಕ್ಕಳು ಗದ್ದಲ ಮಾಡುತ್ತಿದ್ದರು. ಮೂಲೆಯ ಹಾಸಿಗೆಯಲ್ಲಿ ಒಬ್ಬ ಮುದುಕನು ಮಲಗಿದ್ದನು. ಇವರಿಗೆ ಏನು ಕಲಿಸುತ್ತೀಯೆಂದು ಕೇಳಲಾಗಿ, ತನಗೆ ಏನೂ ಬರುವದಿಲ್ಲವಾದದರಿಂದ ಏನೂ ಕಲಿಸುವದಿಲ್ಲವೆಂದೂ, ತಾನು ಊರಿನ ಹಂದಿಗಳನ್ನು ಕಾಯುತ್ತಿದ್ದು ಮುಪ್ಪಿನಿಂದ ಅದಕ್ಕೆ ಶಕ್ತಿ ಸಾಲದೆ ಹೋದಾಗ ಮಕ್ಕಳನ್ನು ಕಾಯುವದಕ್ಕೆ ಹಾಕಿದರೆಂದೂ ಅವನು ಹೇಳಿದನು. ಉಪಾಧ್ಯಾಯನೆಂಬ ಹೆಸರೇ ಅಲ್ಲಿ ಅಷ್ಟು ಹೀನವಾಗಿತ್ತು. ಸ್ಟೂಬರರು ಬೇರೊಂದು ಗೌರವದ ಬಿರುದನ್ನು ಕಲ್ಪಿಸಿದ ಮೇಲೆಯೇ ತಕ್ಕವರು ಆ ಕೆಲಸಕ್ಕೆ ಒಪ್ಪಿದರು. ಬಿರುದಿನ ಆಶೆಯು ಎಲ್ಲಾ ದೇಶಗಳಲ್ಲಿಯೂ ಒಂದೇ!

ಸ್ಟೂಬರರಿಗೆ ಸ್ಟ್ರಾಸ್‌ಬುರ್ಗ್ ಪಟ್ಟಣದ ಸಭೆಗೆ ಕರೆ ಬಂದಾಗ, ತಮ್ಮ ಬಡ ಸಭೆಯನ್ನು ಯಾರ ಕೈಗೆ ಒಪ್ಪಿಸುವದೆಂಬ ಚಿಂತೆ ಹತ್ತಿತು. ಆ ಪಟ್ಟಣದಲ್ಲಿಯೇ 1740ರಲ್ಲಿ ಹುಟ್ಟಿದ, ಉಪಾಧ್ಯಾಯರ ಮಗನಾದ ಯೋಹಾನ್ ಫ್ರೀದ್ರಿಕ್ ಓಬರ್ಲಿನ್ ಎಂಬ ಯುವಕನ ಸುದ್ದಿಯನ್ನು ಕೇಳಿ, ಅವನನ್ನು ಹುಡುಕಿಕೊಂಡು ಹೋದರು. ಅಟ್ಟದ ಮೇಲಿನ ಒಂದು ಸಣ್ಣ ಕೋಣೆ. ಮಂಚಕ್ಕೆ ಕಾಗದದ ಪರದೆ. ದೀಪದ ಮೇಲೆ ತೂಗಹಾಕಿದ ಒಂದು ಪಾತ್ರೆ. ಅದೇನೆಂದು ಸ್ಟೂಬರರು ಕೇಳಿದರು. ರಾತ್ರಿ ಓದುತ್ತಿರುವಾಗ ಆ ದೀಪದ ಉರಿಯಿಂದಲೇ ರೊಟ್ಟಿಯ ಚೂರುಗಳೂ ನೀರೂ ಬೆಂದು ತನ್ನ ಊಟವಾಗುವದೆಂದು ಉತ್ತರ ಬಂತು. ಕಲ್ಲುಕಣಿವೆಗೆ ಬೇಕಾದವನು ಇವನೇ ಎಂದು ಆಗಲೇ ಸ್ಟೂಬರರ ಮನಸ್ಸಿನಲ್ಲಿ ನಿಶ್ಚಯವಾಯಿತು. 1767ರಲ್ಲಿ ಓಬರ್ಲಿನರು ಆ ಸೀಮೆಯ ವಾಲ್ಡರ್ಸ್‌ಬಾಖ್ ಎಂಬ ಹಳ್ಳಿಗೆ ಬಂದರು. ಮಾರನೆಯ ವರ್ಷ ಮದಲೇನ್ ಸಲೋಮೆ ಎಂಬವರನ್ನು ಮದುವೆಯಾದರು.

ಹೊಸ ಬೋಧಕರನ್ನು ಎಲ್ಲರೂ ಸಂತೋಷದಿಂದ ಅಂಗೀಕರಿಸಿದರೆಂದು ತಿಳಿಯಬಾರದು. ಅವರನ್ನು ದಾರಿಯಲ್ಲಿ ಹೊಂಚಿ ಹೊಡೆಯಬೇಕೆಂದು ಕೆಲವರು ಗುಟ್ಟಾಗಿ ಗೊತ್ತುಮಾಡಿಕೊಂಡಿದ್ದರು. ಇದನ್ನರಿತ ಓಬರ್ಲಿನರು ಆ ಆದಿತ್ಯವಾರ ಒಂದು ಕೆನ್ನೆಗೆ ಹೊಡೆದವನಿಗೆ ಮತ್ತೊಂದನ್ನು ತೋರಿಸಬೇಕೆಂಬ ವಚನದ ಮೇಲೆಯೇ ಪ್ರಸಂಗಿಸಿ, ಆಮೇಲೆ ಆ ಗುಂಪು ಕೂಡಿದ್ದ ಮನೆಗೆ ತಾವೇ ಹೋಗಿ ನಿಂತರು. ಹೊಡೆಯುವ ಕೈ ಏಳಲಿಲ್ಲ. ಹೊರಲೋಕಕ್ಕೆ ಹೋಗಲು ತಕ್ಕ ದಾರಿಯಿಲ್ಲದೆ ಜನರು ಬಡತನದಲ್ಲಿಯೇ ಉಳಿದಿರುವದನ್ನು ಅವರು ಕಂಡರು. ಬಂಡೆಗಳನ್ನು ಒಡೆದು ರಸ್ತೆ ಮಾಡೋಣ, ಬ್ರೂಶ್ ಹೊಳೆಗೆ ಸೇತುವೆ ಕಟ್ಟೋಣವೆಂದಾಗ ಜನರು ನಕ್ಕರು. ಓಬರ್ಲಿನರು ವಾದಿಸದೆ ಪಿಕಾಸಿಯನ್ನು ಹೆಗಲಿಗೇರಿಸಿ ತಾವೇ ಅಗೆಯತೊಡಗಿದರು. ಒಬ್ಬೊಬ್ಬರಾಗಿ ಊರವರು ಕೂಡಿಕೊಂಡರು. ಸೇತುವೆಗೆ ಪ್ರೀತಿಯ ಸೇತುವೆಯೆಂದು ಹೆಸರಾಯಿತು. ಒಳ್ಳೇ ಬೀಜದ ಆಲೂಗಡ್ಡೆಯನ್ನು ತರಿಸಿಕೊಟ್ಟರು. ದೃಢೀಕರಣಕ್ಕೆ ಬರುವ ಹುಡುಗ ಹುಡುಗಿಯರು ಎರಡು ಮರಗಳನ್ನು ನೆಟ್ಟಿರುವದಾಗಿ ತೋರಿಸಬೇಕೆಂದು ಕಟ್ಟಳೆ ಮಾಡಿದರು. ಇದಕ್ಕೂ ಪ್ರಶ್ನೋತ್ತರ ಪುಸ್ತಕಕ್ಕೂ ಏನು ಸಂಬಂಧವೆಂದು ಕೆಲವರು ಕೇಳಾರು. ಅನುದಿನದ ರೊಟ್ಟಿಗಾಗಿ ಬೇಡಲು ಕಲಿಸಿದವರಿಗೆ ಅದು ಬೆಳೆಯುವ ನೆಲದ ಚಿಂತೆಯೂ ಸಲ್ಲುವದೆಂದು ನಮ್ಮ ಅಭಿಪ್ರಾಯ.

ಆದರೆ ನಾವು ಮುಖ್ಯವಾಗಿ ಹೇಳಬೇಕೆಂದಿರುವದು ಇದಲ್ಲ. ತಾಯಿತಂದೆಗಳು ಹೊಲಕ್ಕೆ ಹೋದಾಗ ಬೀದಿಯಲ್ಲಿ ಅಲೆಯುತ್ತಿದ್ದ ಎಳೆಯ ಮಕ್ಕಳ ಕಥೆಯನ್ನೇ ಹೇಳಬೇಕು. ಬೆಲ್ಮಾಂ ಎಂಬ ಹಳ್ಳಿಯಲ್ಲಿ ಸಾರಾ ಬಾಂಜೆ ಎಂಬ ಯುವತಿಯು, ಯಾರ ಅಪ್ಪಣೆಯೂ ಇಲ್ಲದೆ, ಮಕ್ಕಳನ್ನು ಕೂಡಿಸಿಕೊಂಡು ಅವರಿಗೆ ಹೆಣಿಗೆಯನ್ನು ಕಲಿಸುತ್ತಿದ್ದಳು. ಸಂಬಳವಿಲ್ಲದ ಈ ದುಡಿಮೆಯಿಂದ ಮನೆಗೇನು ಲಾಭವೆಂದು ಅವಳ ತಂದೆಯು ಬೇಸರಪಟ್ಟನು. ಇದನ್ನು ತಿಳಿದ ಓಬರ್ಲಿನರು 1769ರಲ್ಲಿ ಅವಳನ್ನು ಸಂಬಳಕ್ಕೆ ನೇಮಿಸಿ ಆ ಕೆಲಸವನ್ನೇ ಅವಳಿಗೆ ಒಪ್ಪಿಸಿದರು. ಬೇರೆ ಹಳ್ಳಿಗಳಲ್ಲಿಯೂ ಇಂಥ ಕೋಣೆಗಳು ಏರ್ಪಟ್ಟವು. ದೊಡ್ಡ ಮಕ್ಕಳು ಹೆಣೆಯುವರು, ನೂಲುವರು. ಚಿಕ್ಕವರು ಪಕ್ಕದಲ್ಲಿ ಆಡುವರು. ನಡುನಡುವೆ ಸತ್ಯವೇದದ ಕಥೆಗಳು, ಗಿಡಗಳ ಮತ್ತು ಪ್ರಾಣಿಗಳ ಚಿತ್ರಗಳು, ಶುದ್ಧವಾದ ಫ್ರೆಂಚ್ ಮಾತು, ಹಾಡು. ಇಂದು ಎಲ್ಲಾ ದೇಶಗಳಲ್ಲಿರುವ ಶಿಶುಶಾಲೆಗಳ ಚರಿತ್ರೆಯನ್ನು ಬರೆಯುವವರು ಈ ಕೋಣೆಗಳನ್ನು ಮೊದಲಿನವುಗಳಲ್ಲಿ ಎಣಿಸುತ್ತಾರೆ. ಸಾರಳು 1774ರಲ್ಲಿ, ಇನ್ನೂ ಯೌವನದಲ್ಲಿರುವಾಗಲೇ, ತೀರಿಹೋದಳು.

ಬೆಲ್‌ಫೋಸ್ ಹಳ್ಳಿಯ ಲೂಯಿಸ್ ಶೆಪ್ಲರ್ ಎಂಬವಳು 1763ರಲ್ಲಿ ಹುಟ್ಟಿದವಳು. ಹದಿನೈದು ಹದಿನಾರು ವಯಸ್ಸಿನಲ್ಲಿ ಪಾದ್ರಿಮನೆಗೆ ಕೆಲಸದ ಹುಡುಗಿಯಾಗಿ ಬಂದು, ಹಿಮದಲ್ಲಿ ಹಳ್ಳಿಯಿಂದ ಹಳ್ಳಿಗೆ ನಡೆದು ಮಕ್ಕಳಿಗೆ ಕಲಿಸತೊಡಗಿದಳು. 1783ರಲ್ಲಿ ಓಬರ್ಲಿನರ ಪತ್ನಿಯು ತೀರಿಹೋಗಲು, ತಾಯಿಯಿಲ್ಲದ ಆ ಮಕ್ಕಳನ್ನೂ ಮನೆಯನ್ನೂ ಇವಳೇ ನೋಡಿಕೊಂಡಳು. ಕೆಲವು ವರ್ಷಗಳ ಮೇಲೆ ಅವಳು ಬೋಧಕರಿಗೆ ಒಂದು ಕಾಗದವನ್ನು ಬರೆದು, ಇನ್ನು ಮುಂದೆ ತನಗೆ ಸಂಬಳ ಬೇಡವೆಂದೂ, ತನ್ನನ್ನು ಮಗಳಂತೆ ಎಣಿಸಬೇಕೆಂದೂ ಬೇಡಿಕೊಂಡಳು. ಅವಳ ಭಕ್ತಿಯನ್ನು ಹೊಗಳುವವರು ಬಹಳ. ನಮಗಾದರೋ ಇದರಲ್ಲಿ ಸ್ವಲ್ಪ ಸಂಕಟವೂ ತೋರುವದು: ಅಷ್ಟು ದುಡಿದವಳಿಗೆ ಕೂಲಿಯೂ ಸಲ್ಲಬೇಕಾಗಿತ್ತಲ್ಲವೇ? ಆದರೆ ಆರಿಸಿಕೊಂಡವಳು ಅವಳೇ. ಆಳಾಗಿರುವದಕ್ಕಿಂತ ಮಗಳಾಗಿರುವದನ್ನು ಬಯಸಿದಳು.

ಫ್ರಾನ್ಸಿನ ಮಹಾ ಕ್ರಾಂತಿಯಲ್ಲಿ ಆರಾಧನೆಯು ನಿಂತುಹೋಯಿತು. 1794ರಲ್ಲಿ ಓಬರ್ಲಿನರನ್ನು ಹಿಡಿದರು, ಕೆಲಕಾಲದಲ್ಲಿಯೇ ಬಿಟ್ಟರು. 1818ರಲ್ಲಿ ಪ್ಯಾರಿಸಿನ ವ್ಯವಸಾಯ ಸಂಘವು ಚಿನ್ನದ ಪದಕವನ್ನೂ, ಮಾರನೆಯ ವರ್ಷ ಅರಸನು ಗೌರವ ಪದವಿಯನ್ನೂ ಕೊಟ್ಟರು. ಇವುಗಳಿಗಿಂತ ನಮಗೆ ಹಿಡಿಸುವದು ಅವರ ಕೋಣೆಯ ಬಾಗಲು. ಅದರ ಮೇಲೆ ಅವರು ಸೀಮೆಸುಣ್ಣದಿಂದ ಸಭೆಯವರ ಹೆಸರುಗಳನ್ನು ಬರೆದಿಟ್ಟು, ಒಬ್ಬೊಬ್ಬರಿಗಾಗಿ ಪ್ರಾರ್ಥಿಸುತ್ತಿದ್ದರು. ಅವರನ್ನು ಹೊಡೆಯಬೇಕೆಂದಿದ್ದವರ ಹೆಸರುಗಳೂ ಅಲ್ಲಿ ಇದ್ದಿರಬೇಕು.

1826ನೇ ಜೂನ್ 1ರಂದು ಓಬರ್ಲಿನರು ನಿದ್ರೆಹೋದರು. ಫೂದೇ ಹಳ್ಳಿಯಲ್ಲಿ ಅವರನ್ನು ಹೂಣಿಟ್ಟರು. ಅವರ ಮಕ್ಕಳು ಆಸ್ತಿಯಲ್ಲಿ ಲೂಯಿಸಳಿಗೆ ಸಮಪಾಲನ್ನು ಕೊಡಬಂದಾಗ ಅವಳು ಒಲ್ಲೆನೆಂದು, ತನ್ನ ಹೆಸರಿಗೆ ಓಬರ್ಲಿನ್ ಎಂಬ ಹೆಸರನ್ನು ಸೇರಿಸಿಕೊಳ್ಳುವ ಅಪ್ಪಣೆಯನ್ನು ಮಾತ್ರ ಕೇಳಿದಳು. 1829ರಲ್ಲಿ ಫ್ರೆಂಚ್ ಅಕಾಡೆಮಿಯು ಅವಳ ಸದ್ಗುಣಕ್ಕಾಗಿ 5,000 ಫ್ರಾಂಕುಗಳ ಬಹುಮಾನವನ್ನು ಕೊಟ್ಟಿತು. ಶಿಶುಶಾಲೆಯ ಕಲ್ಪನೆಯೇ ಅವಳದೆಂದು ವಿದ್ವಾಂಸರಾದ ಕ್ಯುವಿಯೇಯವರು ಆ ಸಭೆಯಲ್ಲಿ ಹೊಗಳಿದರು. ಇದು ಪೂರ್ತಿಯಾಗಿ ನ್ಯಾಯವಲ್ಲ. ಸಾರಳು ಬೆಲ್ಮಾಂನಲ್ಲಿ ಮಕ್ಕಳ ಕೈಗೆ ಹೆಣಿಗೆಯ ಕಡ್ಡಿಯನ್ನು ಕೊಟ್ಟಾಗ ಲೂಯಿಸಳು ಇನ್ನೂ ಎಳೆಯ ಮಗು. ಬಂದ ಹಣವನ್ನು ಲೂಯಿಸಳು ಬಡವರಿಗಾಗಿಯೂ ಶಿಶುಶಾಲೆಗಳಿಗಾಗಿಯೂ ವೆಚ್ಚಮಾಡಿ, 1837ರಲ್ಲಿ ತೀರಿಹೋಗುವ ವರೆಗೂ ಅದೇ ಕಣಿವೆಯಲ್ಲಿದ್ದಳು. ವಾಲ್ಡರ್ಸ್‌ಬಾಖಿನ ಆ ಪಾದ್ರಿಮನೆಯು ಈಗ ವಸ್ತುಸಂಗ್ರಹಾಲಯವಾಗಿದೆ.