ಗ್ರಾಮದ ದಫ್ತರವನ್ನು ಕಂಟೈನರುಗಳಲ್ಲಿ ನಡೆಸುವ ಕ್ರಮ

ಹೊಸಪೇಟೆ, ಹಂಪೆ, ಸಂಡೂರು ಮತ್ತು ಕಂಪ್ಲಿಯ ಸೀಮೆಯಲ್ಲಿ ಭೂಮಿಗೆ ಎಷ್ಟು ಬೆಲೆಯುಂಟೋ ಅದರ ಕಾಗದಕ್ಕೂ ಅಷ್ಟೇ ಬೆಲೆಯುಂಟೆಂಬುದು ಗ್ರಾಮದ ಹಿರಿಯರಿಗೆ ತಿಳಿಯದ ವಿಷಯವಲ್ಲ. ವಿಜಯನಗರದ ಅರಸರ ಕಾಲದಲ್ಲಿ ದತ್ತಿಬಿಟ್ಟ ಭೂಮಿಯ ಚತುಸ್ಸೀಮೆಯನ್ನು ಕಲ್ಲಿನಲ್ಲಿ ಕೊರೆಯಿಸುತ್ತಿದ್ದರು. ಕಲ್ಲು ಉಳಿಯಿತು, ಅನಂತರದ ಕಾಗದಗಳು ಮಾತ್ರ ಗೆದ್ದಲಿಗೂ ಮಳೆಗೂ ಮರೆವಿಗೂ ಪಾಲಾಗುತ್ತಲಿವೆ.

ನಮ್ಮ ಸೀಮೆಯ ಕಾಗದಗಳು ಚದರಿರುವುದಕ್ಕೆ ವಿಶೇಷ ಕಾರಣಗಳೂ ಉಂಟು. ಸಂಡೂರು 1949ರವರೆಗೆ ಪ್ರತ್ಯೇಕ ಸಂಸ್ಥಾನವಾಗಿತ್ತು. ಹೊಸಪೇಟೆ ಮತ್ತು ಕಂಪ್ಲಿಯ ಗ್ರಾಮಗಳು ಮದರಾಸು ಆಡಳಿತಕ್ಕೆ ಸೇರಿದ್ದು, 1953ನೆಯ ಅಕ್ಟೋಬರ್ 1ರಂದು ಮೈಸೂರಿಗೆ ಸೇರಿದವು. ಆದುದರಿಂದ ಒಂದೇ ಮನೆತನದ ಪೆಟ್ಟಿಗೆಯಲ್ಲಿ ಮದರಾಸಿನ ಕಾಲದ ಅಡಂಗಲ್ಲೂ ಈಚಿನ ಪಹಣಿಯೂ ಒಟ್ಟಿಗೆ ದೊರೆಯುವುದುಂಟು. ಕಂಪ್ಲಿಯು ಹೊಸಪೇಟೆ ತಾಲ್ಲೂಕಿನಿಂದ ಬೇರ್ಪಟ್ಟು ತಾನೇ ತಾಲ್ಲೂಕಾಯಿತು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆ ಅದರ ಮುಖ್ಯಸ್ಥಳವಾಯಿತು. ಕಂಪ್ಲಿಯೂ ಸಂಡೂರೂ ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದವು. ಈ ಎರಡು ಕಡೆಯೂ ಗದ್ದೆಯುಳ್ಳವರು ಈಗ ಎರಡು ಜಿಲ್ಲೆಗಳ ಕಚೇರಿಗಳಿಗೆ ನಡೆಯಬೇಕಾಗಿದೆ.

ಸರ್ಕಾರದ ದಾಖಲೆಯೂ ನಮ್ಮ ದಫ್ತರವೂ

'ಭೂಮಿ' ಯೋಜನೆಯ ಮೂಲಕ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಸೇರಿವೆ. ತಾಲ್ಲೂಕು ಕಚೇರಿಗಳ ಹಳೆಯ ಕಡತಗಳ ಪ್ರತಿಬಿಂಬ ತೆಗೆಯುವ 'ಭೂ ಸುರಕ್ಷಾ' ಕಾರ್ಯವು 2024ರಲ್ಲಿ ಆರಂಭವಾಯಿತು. ಹಕ್ಕಿನ ವಿಷಯದಲ್ಲಿ ಸರ್ಕಾರದ ದಾಖಲೆಯೇ ಪ್ರಮಾಣ. ಆದರೆ ಸಹಕಾರ ಸಂಘದ ಠರಾವುಗಳು, ನೀರು ಬಳಕೆದಾರರ ಸಂಘದ ಸರದಿ ಪಟ್ಟಿಗಳು, ಸಾಲ ತೀರಿಸಿದ ರಸೀದಿಗಳು, ಮಣ್ಣು ಪರೀಕ್ಷೆಯ ಪತ್ರಗಳು, ಮನೆತನದ ಪಾಲುಪಟ್ಟಿಗಳು, ಇವನ್ನು ಕಾಪಾಡುವ ಹೊಣೆ ನಮ್ಮದೇ. ಸಾಲ ತೀರಿದ ಹತ್ತು ವರ್ಷಗಳ ಮೇಲೆ ರಸೀದಿ ಸಿಗದೆ ಹೋದರೆ, ತೀರಿದ ಸಾಲವೇ ಮತ್ತೆ ತಲೆಯೆತ್ತುವುದು.

ಇಂತಹ ಕಾಗದಗಳನ್ನು ವರ್ಗವಾರು ಇರಿಸಿ, ಹುಡುಕಿಕೊಟ್ಟು, ಯಾರು ನೋಡಬಹುದು, ಯಾರು ತಿದ್ದಬಹುದೆಂಬುದನ್ನು ನಿಯಮಿಸಿ, ತಿದ್ದುವುದಕ್ಕೆ ಮುಂಚಿನ ಪ್ರತಿಯನ್ನೂ ಉಳಿಸುವ ತಂತ್ರಾಂಶಗಳುಂಟು. ಆಲ್ಫ್ರೆಸ್ಕೋ ಎಂಬುದು ಅವುಗಳಲ್ಲೊಂದು. ಲೈಸೆನ್ಸ್ ಶುಲ್ಕವಿಲ್ಲದ ಆವೃತ್ತಿಯೂ ಅದಕ್ಕುಂಟು. ಒಂದು ದೊಡ್ಡ ಸಂಘವಾಗಲಿ, ಹಲವು ಗ್ರಾಮಗಳು ಕೂಡಿಯಾಗಲಿ, ತಿಳಿದ ತಂತ್ರಜ್ಞನನ್ನು ಇಟ್ಟುಕೊಂಡು ಇದನ್ನು ನಡೆಸಬಹುದು.

ಕಂಟೈನರೆಂದರೇನು?

ಈ ದಫ್ತರವು ಒಂದೇ ಯಂತ್ರಾಂಗವಲ್ಲ. ಕಾಗದಗಳನ್ನು ಸ್ವೀಕರಿಸುವ ಮುಖ್ಯ ಭಾಗವೊಂದು, ಯಾವ ಕಾಗದ ಎಲ್ಲಿದೆಯೆಂಬ ಲೆಕ್ಕವಿಡುವ ದತ್ತಸಂಚಯವೊಂದು, ಹುಡುಕುವ ಸೂಚಿಯೊಂದು, ಒಂದು ರೂಪದ ಕಡತವನ್ನು ಮತ್ತೊಂದು ರೂಪಕ್ಕೆ ತರುವ ಭಾಗವೊಂದು. ಇವೆಲ್ಲವನ್ನೂ ಒಂದೇ ಗಣಕಯಂತ್ರದಲ್ಲಿ ಬೆರೆಸಿ ಸ್ಥಾಪಿಸಿದರೆ, ಒಂದನ್ನು ಹೊಸದುಮಾಡುವಾಗ ಮತ್ತೊಂದು ಕೆಡುವುದುಂಟು. ಕಂಟೈನರ್ ಪದ್ಧತಿಯಲ್ಲಿ ಪ್ರತಿಯೊಂದು ಭಾಗಕ್ಕೂ, ಅದಕ್ಕೆ ಬೇಕಾದ ಸಾಮಗ್ರಿಯೊಡನೆ, ಪ್ರತ್ಯೇಕ ಕೊಠಡಿ ಕೊಟ್ಟಂತಾಗುವುದು. ಇಟ್ಟಿಗೆಯ ಅಚ್ಚಿನಂತೆ ಪ್ರತಿಯೊಂದಕ್ಕೂ ಒಂದು ಅಚ್ಚು ಇರುವುದು. ಅದರಿಂದ ಯಾವ ಯಂತ್ರದಲ್ಲಿಯಾದರೂ ಅದೇ ಕೊಠಡಿಯನ್ನು ಎಬ್ಬಿಸಬಹುದು. 2013ರಲ್ಲಿ ಹೊರಬಂದ ಡಾಕರ್ ಎಂಬ ಸಾಧನದಿಂದ ಈ ಪದ್ಧತಿ ಲೋಕದಲ್ಲಿ ಬಹುವಾಗಿ ಹರಡಿತು.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ

ಕಂಟೈನರ್ ಶಾಶ್ವತವಲ್ಲ. ಅದನ್ನು ತೆಗೆದುಹಾಕಿದರೆ ಅದರೊಳಗೆ ಬರೆದಿಟ್ಟುದೆಲ್ಲವೂ ಅದರೊಡನೆಯೇ ಹೋಗುವುದು. ಆದುದರಿಂದ ಕಾಗದಗಳ ಸಂಗ್ರಹವನ್ನೂ ದತ್ತಸಂಚಯವನ್ನೂ ಕಂಟೈನರಿನ ಹೊರಗೆ, ವಾಲ್ಯೂಮ್ ಎಂಬ ಪ್ರತ್ಯೇಕ ಸ್ಥಳದಲ್ಲಿ ಇರಿಸತಕ್ಕದ್ದು. ಹಗೇವಿನಲ್ಲಿ ಜೋಳ ತುಂಬಿದ ಒಕ್ಕಲಿಗನು ಮನೆಯನ್ನು ಕೆಡವಿ ಹೊಸದಾಗಿ ಕಟ್ಟಿದರೂ ಹಗೇವು ಹಾಗೆಯೇ ಇರುವುದಷ್ಟೆ? ಕಂಟೈನರ್ ಮನೆ, ವಾಲ್ಯೂಮ್ ಹಗೇವು. ಈ ಭೇದವನ್ನರಿಯದೆ ಕಾರ್ಯಕ್ಕೆ ತೊಡಗಿದವರು ಒಂದೇ ಆಜ್ಞೆಯಿಂದ ವರ್ಷಗಳ ಕಾಗದವನ್ನು ಕಳೆದುಕೊಳ್ಳುವರು.

ನಡೆಸುವವರು ಅನುಸರಿಸತಕ್ಕ ಕ್ರಮ

1. ಯಾವ ಯಾವ ಕಂಟೈನರುಗಳು, ಯಾವ ಆವೃತ್ತಿಯವು, ಯಾವ ವಾಲ್ಯೂಮಿಗೆ ಸೇರಿದವು ಎಂಬುದನ್ನು ಒಂದೇ ಕಡತದಲ್ಲಿ ಬರೆದಿಡತಕ್ಕದ್ದು. ಆವೃತ್ತಿಯ ಸಂಖ್ಯೆಯನ್ನು ಖಚಿತವಾಗಿ ನಮೂದಿಸಬೇಕು. 'ಇತ್ತೀಚಿನದು' ಎಂದು ಬರೆದು ಬಿಟ್ಟರೆ, ನಾವು ಎಣಿಸದ ದಿನ ಹೊಸ ಆವೃತ್ತಿ ಬಂದು ಕೆಲಸ ಕೆಡಬಹುದು.

2. ಯಂತ್ರಕ್ಕೆ 16 ಜಿಬಿ ಸ್ಮರಣಶಕ್ತಿ ಇದ್ದರೆ ಲೇಸು. ಪ್ರತಿ ಕಂಟೈನರಿಗೂ ಮಿತಿಯನ್ನು ಗೊತ್ತುಮಾಡಬೇಕು. ವಿದ್ಯುತ್ತು ಹಠಾತ್ತನೆ ನಿಂತರೆ ದತ್ತಸಂಚಯಕ್ಕೆ ಹಾನಿ ಸಂಭವಿಸಬಹುದಾದುದರಿಂದ ಯುಪಿಎಸ್ ಅವಶ್ಯ.

3. ತಂತ್ರಾಂಶದೊಡನೆ ಬಂದ ಗುಪ್ತಪದವನ್ನು ಮೊದಲನೆಯ ದಿನವೇ ಬದಲಾಯಿಸತಕ್ಕದ್ದು. ದತ್ತಸಂಚಯದ ಬಾಗಿಲನ್ನು ಅಂತರ್ಜಾಲಕ್ಕೆ ತೆರೆದಿಡಕೂಡದು.

4. ಪ್ರತಿ ಕಾಗದಕ್ಕೂ ಗ್ರಾಮ, ಸರ್ವೆ ನಂಬರು, ಹಿಸ್ಸಾ, ವರ್ಷ, ಕಾಗದದ ಬಗೆ ಇವನ್ನು ತಪ್ಪದೆ ನಮೂದಿಸಬೇಕು. ಶಾನುಭೋಗರ ಹಳೆಯ ಕೈಬರಹವನ್ನು ಯಂತ್ರವು ತಾನಾಗಿ ಓದಲಾರದು; ಅಲ್ಲಿ ಈ ನಮೂದೇ ಹುಡುಕುವ ದಾರಿ.

5. ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಬೆರಳಚ್ಚಾದ ಕಡತಗಳನ್ನು ಯೂನಿಕೋಡಿಗೆ ಮಾರ್ಪಡಿಸಬೇಕು. ಇಲ್ಲವಾದರೆ ಕಣ್ಣಿಗೆ 'ಕಂಪ್ಲಿ' ಎಂದು ಕಂಡರೂ ಯಂತ್ರಕ್ಕೆ ಅದು ಬೇರೆಯೇ ಅಕ್ಷರವಾಗಿದ್ದು, ಹುಡುಕಿದಾಗ ಸಿಗದು.

6. ದತ್ತಸಂಚಯವನ್ನೂ ಕಾಗದಗಳ ಸಂಗ್ರಹವನ್ನೂ ಒಂದೇ ವೇಳೆಗೆ ಪ್ರತಿಮಾಡಬೇಕು. ಒಂದು ಇಂದಿನದು, ಮತ್ತೊಂದು ಕಳೆದ ವಾರದ್ದು ಆದರೆ, ಲೆಕ್ಕದಲ್ಲಿರುವ ಕಾಗದ ಪೆಟ್ಟಿಗೆಯಲ್ಲಿರದು. ಸೂಚಿ ಕೆಟ್ಟರೆ ಭಯವಿಲ್ಲ. ಇವೆರಡರಿಂದ ಅದನ್ನು ಪುನಃ ಕಟ್ಟಬಹುದು. ಒಂದು ಪ್ರತಿ ಸಂಘದಲ್ಲಿದ್ದರೆ ಮತ್ತೊಂದು ಬೇರೆ ಊರಿನಲ್ಲಿರಲಿ.

7. ಮೂರು ತಿಂಗಳಿಗೊಮ್ಮೆ ಆ ಪ್ರತಿಯಿಂದ ಬೇರೊಂದು ಯಂತ್ರದಲ್ಲಿ ದಫ್ತರವನ್ನು ಎಬ್ಬಿಸಿ, ಗೊತ್ತಿರುವ ಒಂದು ರಸೀದಿಯನ್ನು ತೆರೆದು ನೋಡತಕ್ಕದ್ದು. ಬಿತ್ತನೆಗೆ ಮುಂಚೆ ಬೀಜದ ಮೊಳಕೆ ಪರೀಕ್ಷಿಸದೆ ನಂಬುವವರುಂಟೇ?

ಮೂಲ ಕಾಗದವನ್ನು ಪ್ರತಿಬಿಂಬ ತೆಗೆದ ಮಾತ್ರಕ್ಕೆ ಸುಡಬಾರದು; ನ್ಯಾಯಸ್ಥಾನದಲ್ಲಿ ಅದನ್ನೇ ಹಾಜರುಪಡಿಸಬೇಕಾದ ಸಂದರ್ಭ ಬರಬಹುದು. ಮತ್ತು ಈ ವ್ಯವಸ್ಥೆಯನ್ನು ಒಬ್ಬನೇ ಬಲ್ಲವನಾಗಿರಕೂಡದು. ಅವನು ಊರು ಬಿಟ್ಟರೆ ಬೀಗದ ಕೈಯೂ ಅವನೊಡನೆ ಹೋಗುವುದು. ಗ್ರಾಮದ ಮುಖಂಡರು ಇಬ್ಬರಿಗಾದರೂ ಕಲಿಸಿ, ಕ್ರಮವನ್ನು ಕನ್ನಡದಲ್ಲಿ ಬರೆಯಿಸಿ, ಸಂಘದ ಪುಸ್ತಕದಲ್ಲಿ ಸೇರಿಸುವುದು ಯುಕ್ತ. ತುರ್ತು ಕಾಲುವೆಯನ್ನು ಶತಮಾನಗಳಿಂದ ಹೂಳೆತ್ತಿ ಉಳಿಸಿಕೊಂಡು ಬಂದ ಜನರಿಗೆ, ಪ್ರತಿವರ್ಷದ ದುರಸ್ತಿಯಿಲ್ಲದೆ ಯಾವುದೂ ನಿಲ್ಲದೆಂಬುದನ್ನು ಹೆಚ್ಚಾಗಿ ಹೇಳಬೇಕಾಗಿಲ್ಲ.