ದೀಪ ಹೊತ್ತಿಕೊಂಡ ಮೇಲಿನ ಕಾಪು

ಬೆಂಗಳೂರಿನ ರಾಜರಾಜೇಶ್ವರಿನಗರದಿಂದ ರಜೆಗೆಂದು ಕರಾವಳಿಗೆ ಹೊರಡುವವರ ಪಟ್ಟಿ ಹೆಚ್ಚುಕಡಿಮೆ ಒಂದೇ. ಉಡುಪಿಯಲ್ಲಿ ಕೃಷ್ಣನ ದರ್ಶನ, ಮಠದ ಊಟ, ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ, ಕೊಲ್ಲೂರು, ಸಮಯ ಮಿಕ್ಕರೆ ಮುರ್ಡೇಶ್ವರ. ಕಾಪುವಿನ ದೀಪಸ್ತಂಭಕ್ಕೆ ಇದರ ನಡುವೆ ಎಲ್ಲೋ ಅರ್ಧ ಗಂಟೆ ಸಿಗುತ್ತದೆ. ಹೆದ್ದಾರಿ 66ರಿಂದ ಪಡುವಣಕ್ಕೆ ತಿರುಗಿ, ಬಂಡೆಯ ಮೆಟ್ಟಿಲು ಹತ್ತಿ, ಕಪ್ಪುಬಿಳಿ ಪಟ್ಟೆಯ ಗೋಪುರದ ಮುಂದೆ ಫೋಟೊ ತೆಗೆಸಿಕೊಂಡು, ಸೂರ್ಯ ಮುಳುಗಿದ ಕೂಡಲೇ ಎಲ್ಲರೂ ಕಾರು ಹತ್ತುತ್ತಾರೆ. ದೀಪಸ್ತಂಭ ಕೆಲಸ ಶುರು ಮಾಡುವುದೇ ಆಮೇಲೆ. ನೂರಾರು ಕಿಲೋಮೀಟರ್ ದೂರದಿಂದ ಬಂದವರು ಅದು ಮಲಗಿರುವುದನ್ನಷ್ಟೇ ನೋಡಿ ಹೋಗುತ್ತಾರೆ.

ಇದನ್ನು ನನಗೆ ಮನಗಾಣಿಸಿದವರು ನಮ್ಮ ಬಡಾವಣೆಯ ಒಬ್ಬ ಹಿರಿಯರು. ಕಾಪುವಿನ ಕಡಲ ಕರೆಯ ಮೊಗವೀರ ಮೀನುಗಾರರು, ಈಗ ಮಗನ ಮನೆಯಲ್ಲಿದ್ದಾರೆ. ಎಂಬತ್ತರ ಆಸುಪಾಸಿನ ವಯಸ್ಸು. ಸಂಜೆ ನಡೆಯಲು ಹೊರಟರೆ ಶೃಂಗಗಿರಿ ಷಣ್ಮುಖ ದೇವಸ್ಥಾನದ ಕಡೆಗೆ ಅವರ ಕಾಲು ತಾನಾಗಿ ತಿರುಗುತ್ತದೆ. ಗುಡ್ಡದ ಮೇಲಿನ ಸ್ಫಟಿಕದ ಗುಮ್ಮಟಕ್ಕೆ ದೀಪ ಹಾಕುವ ಹೊತ್ತಿಗೆ ನಿಂತು ನೋಡುತ್ತಾರೆ. "ಚಂದ ಉಂಟು. ಆದರೆ ನಮ್ಮ ದೀಪ ಹೀಗೆ ಒಂದೇ ಸಮ ಉರಿಯುವುದಿಲ್ಲ ಮಾರಾಯ್ರೇ, ಲೆಕ್ಕ ಹಿಡಿದು ಮಿನುಗುತ್ತದೆ" ಎಂದು ಅವರು ಹೇಳಿದ ದಿನದಿಂದ ನಮ್ಮ ಮಾತೆಲ್ಲ ಅದರ ಸುತ್ತಲೇ.

ಎಂಜಿನ್ ಇಲ್ಲದ ದೋಣಿಗಳ ಕಾಲ ಅವರದು. ಹಾಯಿ, ಹುಟ್ಟು, ತೋಳಿನ ಬಲ ಇಷ್ಟೇ. ರಾತ್ರಿ ಮೀನಿಗೆ ಹೋದ ಗಂಡಸರಿಗೆ ದಡ ಯಾವ ಕಡೆ ಎಂದು ಹೇಳಲು ಆಕಾಶದ ನಕ್ಷತ್ರ ಬಿಟ್ಟರೆ ಈ ದೀಪ. ಮೊದಲು ಕಾಣುವುದು ದೀಪವಲ್ಲ ಎನ್ನುತ್ತಾರೆ ಅವರು. ದೂರದಲ್ಲಿ, ನೀರಿನ ಅಂಚಿನಾಚೆ, ಆಕಾಶದಲ್ಲಿ ಒಂದು ಬೆಳಕಿನ ಬೀಸು ಹಾದು ಹೋಗುತ್ತದೆ. ದೀಪ ಇನ್ನೂ ಭೂಮಿಯ ಉಬ್ಬಿನ ಹಿಂದೆಯೇ ಇರುತ್ತದೆ. ಅದರ ದಿಕ್ಕಿಗೆ ಹುಟ್ಟು ಹಾಕುತ್ತ ಬಂದರೆ ಒಂದು ಗಳಿಗೆಯಲ್ಲಿ ಚುಕ್ಕಿ ಮೂಡುತ್ತದೆ. "ನಿಂತರೆ ಕಾಣುತ್ತದೆ, ಕೂತರೆ ಮುಳುಗುತ್ತದೆ. ಹಾಗೆ ಆಗುವ ಜಾಗ ಬಂತೆಂದರೆ ದಡ ಎಷ್ಟು ದೂರ ಅಂತ ನಮಗೆ ಅಂದಾಜು ಸಿಕ್ಕಿತು. ಗಂಜಿ ಬಿಸಿ ಇರುವಾಗ ಮನೆ ಮುಟ್ಟಬಹುದಾ ಇಲ್ಲವಾ ಅಂತಲೂ ಸಿಕ್ಕಿತು."

ಶಾಲೆಗೆ ಹೆಚ್ಚು ಹೋಗದವರು ಹೇಳಿದ ಈ ಲೆಕ್ಕವನ್ನು ಜಗತ್ತಿನ ಬೇರೆ ಕಡೆಯ ನಾವಿಕರೂ ಬಳಸುತ್ತಿದ್ದರು. ಸಮುದ್ರಮಟ್ಟದಿಂದ 40 ಮೀಟರ್ ಎತ್ತರದಲ್ಲಿರುವ ದೀಪಕ್ಕೆ ದಿಗಂತ ಸುಮಾರು 24 ಕಿಲೋಮೀಟರ್ ದೂರ. ನೋಡುವವನ ಕಣ್ಣು ನೀರಿನಿಂದ ಎಷ್ಟು ಮೇಲಿದೆಯೋ ಅದರ ಪಾಲು ಇದಕ್ಕೆ ಸೇರುತ್ತದೆ. ಕೂತಾಗ ಮುಳುಗಿ ನಿಂತಾಗ ಏಳುವ ದೀಪ ಎಂದರೆ ನೀವು ಸರಿಯಾಗಿ ಆ ಗಡಿಯ ಮೇಲಿದ್ದೀರಿ. ಹಡಗಿನ ಕಪ್ತಾನರು ಇದಕ್ಕೆ ಕೋಷ್ಟಕ ಇಟ್ಟುಕೊಂಡರು. ಕಾಪುವಿನವರು ಮೊಣಕಾಲಿನಲ್ಲಿ ಇಟ್ಟುಕೊಂಡರು.

ಇನ್ನು ಮಿನುಗಿನ ಲೆಕ್ಕ. ಪ್ರತಿ ದೀಪಸ್ತಂಭಕ್ಕೂ ಅದರದೇ ತಾಳ ಇದೆ: ಎಷ್ಟು ಮಿನುಗು, ನಡುವೆ ಎಷ್ಟು ಕತ್ತಲು, ಎಷ್ಟು ಸೆಕೆಂಡಿಗೆ ಮತ್ತೆ ಮೊದಲಿನಿಂದ. ಹತ್ತಿರದ ದೀಪದ ತಾಳ ಇದಕ್ಕೆ ಹೊಂದುವಂತಿಲ್ಲ. ಹೊಂದಿದರೆ ಊರು ತಪ್ಪುತ್ತದೆ. ದೋಣಿಯ ತುದಿಯಲ್ಲಿ ಕೂತವರು ತುಳುವಿನಲ್ಲಿ "ಒಂಜಿ, ರಡ್ಡ್, ಮೂಜಿ" ಎಂದು ಎಣಿಸುತ್ತಿದ್ದರಂತೆ. ಗಾಳಿ, ನೀರಿನ ಸೆಳೆತ ದೋಣಿಯನ್ನು ಎತ್ತ ಒಯ್ದಿದ್ದರೂ ಎಣಿಕೆ ಮುಗಿಯುವಷ್ಟರಲ್ಲಿ ಯಾವ ಊರಿನ ಮುಂದಿದ್ದೇವೆಂದು ತಿಳಿಯುತ್ತಿತ್ತು. ಹುಡುಗರನ್ನು ದೋಣಿಗೆ ಹತ್ತಿಸಿಕೊಂಡ ಮೊದಲ ವರ್ಷ ಕಲಿಸುತ್ತಿದ್ದ ಪಾಠಗಳಲ್ಲಿ ಇದೂ ಒಂದು. ಅವರು ಇದನ್ನೆಲ್ಲ ಹೇಳುವಾಗ ಬಲಗೈ ತಾನಾಗಿ ಮೇಲೇಳುತ್ತದೆ, ಬೆರಳು ಒಂದೊಂದಾಗಿ ಮಡಚಿಕೊಳ್ಳುತ್ತದೆ. ಕೇಳುತ್ತ ಕೂತವರಿಗೆ ಮೈಸೂರು ರಸ್ತೆಯ ಸದ್ದು ಮರೆತು ಹೋಗುತ್ತದೆ.

ಗೋಪುರದ ಚರಿತ್ರೆ ಚಿಕ್ಕದಾಗಿ ಹೇಳಬಹುದು. ಕಟ್ಟಿದ್ದು 1901ರಲ್ಲಿ, ಬ್ರಿಟಿಷರು. ಎತ್ತರ ಸುಮಾರು 27 ಮೀಟರ್. ಕೆಳಗಿನ ಹೆಬ್ಬಂಡೆ ಅದನ್ನು ಇನ್ನಷ್ಟು ಎತ್ತಿ ಹಿಡಿದಿದೆ. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿತ್ತು. ಉತ್ತರ ಕನ್ನಡ 1862ರಿಂದ ಬೊಂಬಾಯಿಗೆ ಸೇರಿತ್ತು. ನಮ್ಮ ಒಂದೇ ಕರಾವಳಿಯ ದೀಪಗಳು ಎರಡು ಸರ್ಕಾರಗಳ ಕೈಯಲ್ಲಿದ್ದವು. ಮಂಗಳೂರಿನಿಂದ ಕಾಫಿ ಹೋಗುತ್ತಿತ್ತು, 1865ರಲ್ಲಿ ಬಾಸೆಲ್ ಮಿಷನ್ ಶುರು ಮಾಡಿದ ಕಾರ್ಖಾನೆಯ ಹೆಂಚು ಹೋಗುತ್ತಿತ್ತು. ಸರಕು ಹೆಚ್ಚಿದ ಹಾಗೆ ದೀಪದ ಅಗತ್ಯವೂ ಹೆಚ್ಚಿತು. ದೀಪಸ್ತಂಭಗಳಿಗೆಂದೇ ದೇಶಕ್ಕೆಲ್ಲ ಒಂದು ಕಾಯ್ದೆ ಬಂದದ್ದು 1927ರಲ್ಲಿ. 2021ರಲ್ಲಿ ಅದರ ಜಾಗಕ್ಕೆ ಹೊಸ ಕಾಯ್ದೆ ಬಂತು. ಈಗ ಕೇಂದ್ರದ ಬಂದರು ಸಚಿವಾಲಯದ ಕೆಳಗಿನ ನಿರ್ದೇಶನಾಲಯ ದೇಶದ ಇನ್ನೂರಕ್ಕೂ ಹೆಚ್ಚು ದೀಪಸ್ತಂಭಗಳನ್ನು ನೋಡಿಕೊಳ್ಳುತ್ತದೆ.

ಹಳೆಯ ದೀಪಸ್ತಂಭಗಳ ಒಳಗಿನ ಗಾಜಿನ ಬಗ್ಗೆ ಸ್ವಲ್ಪ ನಿಂತು ಹೇಳಲೇಬೇಕು. ಬೆಳಕಿನ ಮೂಲ ಅಂಥ ದೊಡ್ಡದೇನಲ್ಲ. ಮೊದಲು ಬತ್ತಿಯ ಎಣ್ಣೆದೀಪ. ಆಮೇಲೆ ಸೀಮೆಎಣ್ಣೆಯನ್ನು ಒತ್ತಡದಲ್ಲಿ ಆವಿ ಮಾಡಿ ಮ್ಯಾಂಟಲ್ ಉರಿಸುವ ದೀಪ, ಅಂದರೆ ಒಂದು ಕಾಲದಲ್ಲಿ ಯಕ್ಷಗಾನದ ರಂಗಸ್ಥಳವನ್ನು ಬೆಳಗಿಸುತ್ತಿದ್ದ ಗ್ಯಾಸ್‌ಲೈಟಿನ ಅಣ್ಣ. ಅಷ್ಟು ಬೆಳಕು ಹತ್ತಾರು ಕಿಲೋಮೀಟರ್ ಹೋಗುವಂತೆ ಮಾಡಿದ್ದು ಫ್ರಾನ್ಸಿನ ಎಂಜಿನಿಯರ್ ಅಗಸ್ಟಿನ್ ಫ್ರೆನೆಲ್. ದಪ್ಪ ಮಸೂರ ಮಾಡಿದರೆ ಟನ್ನುಗಟ್ಟಲೆ ಗಾಜು ಬೇಕು, ಬೆಳಕನ್ನೂ ಅದೇ ನುಂಗುತ್ತದೆ. ಅವನು ನಡುವೆ ಒಂದು ಮಸೂರ ಇಟ್ಟು, ಸುತ್ತ ಪಟ್ಟಕಗಳ ಉಂಗುರಗಳನ್ನು ಕೂರಿಸಿದ. ಎಲ್ಲ ಕಡೆ ಚದುರುವ ಬೆಳಕು ಬಾಗಿ ಒಂದೇ ಕಂಬವಾಗಿ ಹೊರಗೆ ಬಂತು. ಫ್ರಾನ್ಸಿನ ಕೊರ್ದುವಾನ್ ದೀಪಸ್ತಂಭದಲ್ಲಿ 1823ರಲ್ಲಿ ಇದು ಮೊದಲು ಬೆಳಗಿತು. ನಾಲ್ಕೇ ವರ್ಷಕ್ಕೆ, ಇನ್ನೂ 39ರ ವಯಸ್ಸಿನಲ್ಲಿ, ಫ್ರೆನೆಲ್ ತೀರಿಕೊಂಡ. ಅವನ ಹೆಸರಿನ ಗಾಜು ಭಾರತದ ಕರಾವಳಿಗೂ ಬರ್ಮಿಂಗ್‌ಹ್ಯಾಮ್ ಮತ್ತು ಪ್ಯಾರಿಸ್ಸಿನ ಕಾರ್ಖಾನೆಗಳಿಂದ ಹಡಗೇರಿ ಬಂತು.

ಆ ಹಳೆಯ ದೀಪಗಳು ಮಿನುಗುತ್ತಿದ್ದುದು ಆರಿ ಹೊತ್ತುವುದರಿಂದಲ್ಲ. ಉರಿ ಒಂದೇ ಸಮ ಇರುತ್ತಿತ್ತು, ಸುತ್ತಲಿನ ಗಾಜು ತಿರುಗುತ್ತಿತ್ತು. ದೊಡ್ಡ ದೀಪಗಳಲ್ಲಿ ಆ ಭಾರವನ್ನು ಪಾದರಸದ ತೊಟ್ಟಿಯಲ್ಲಿ ತೇಲಿಬಿಡುತ್ತಿದ್ದರು; ಬೆರಳಿನಿಂದ ದೂಡಿದರೂ ಸರಿಯುವಷ್ಟು ಹಗುರ. ತಿರುಗಿಸಲು ಗಡಿಯಾರದ ಯಂತ್ರ, ಅದಕ್ಕೆ ಗೋಪುರದೊಳಗೆ ನಿಧಾನ ಇಳಿಯುವ ತೂಕದ ಗುಂಡು. ಗುಂಡು ತಳ ಮುಟ್ಟುವ ಮೊದಲು ಕಾವಲಿನವನು ಎದ್ದು ಮತ್ತೆ ಸುತ್ತಿ ಮೇಲೇರಿಸಬೇಕು, ಮಳೆಯಿರಲಿ ಜ್ವರವಿರಲಿ. ಪಾದರಸದ ಆವಿಯನ್ನು ವರ್ಷಗಟ್ಟಲೆ ಉಸಿರಾಡಿದವರ ಆರೋಗ್ಯ ಏನಾಯಿತೋ. ಬೆಳಗಾದ ಕೂಡಲೇ ಗಾಜಿನ ಕೋಣೆಗೆ ಪರದೆ ಎಳೆಯುವ ಕೆಲಸವೂ ಅವರದೇ. ಎಳೆಯದಿದ್ದರೆ ಬಿಸಿಲು ಅದೇ ಮಸೂರದಿಂದ ಒಳಗೆ ನುಗ್ಗಿ ಒಂದು ಬಿಂದುವಿಗೆ ಕೂಡಿ ದೀಪವನ್ನೇ ಸುಟ್ಟೀತು. ಹಡಗು ಉಳಿಸಿದ ಇವರ ಹೆಸರುಗಳು ಫಲಕಗಳಲ್ಲಿ ಕಾಣಸಿಗುವುದು ಅಪರೂಪ. ಇದು ನನಗೆ ತುಂಬ ನೋವಿನ ಸಂಗತಿ.

ಕಾಪು ಒಂದೇ ಅಲ್ಲ. ಮಂಗಳೂರಿನ ಬಾವುಟಗುಡ್ಡೆಯಲ್ಲಿ ಹೈದರಾಲಿಯ ಕಾಲದ್ದೆಂದು ಹೇಳುವ ಹಳೆಯ ಗೋಪುರವಿದೆ. 1837ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಅಮರಸುಳ್ಯ ದಂಗೆಯ ರೈತರು ಬಾವುಟ ಏರಿಸಿದ್ದು ಅದೇ ಗುಡ್ಡದಲ್ಲಿ. ಸುರತ್ಕಲ್ಲಿನಲ್ಲಿ ಒಂದು, ಭಟ್ಕಳದಲ್ಲಿ ಒಂದು. ಕಾರವಾರದ ಎದುರು ದೇವಗಡ ದ್ವೀಪದ ಮೇಲೆ ಹತ್ತೊಂಬತ್ತನೆಯ ಶತಮಾನದ್ದೊಂದು, ಅಲ್ಲಿಗೆ ದೋಣಿಯೇ ಬೇಕು.

ಈಗಿನ ದೋಣಿಗಳಲ್ಲಿ ಜಿಪಿಎಸ್ ಇದೆ, ಮೀನಿನ ಗುಂಪು ತೋರಿಸುವ ಪರದೆ ಇದೆ. ದಡದಿಂದ ಎಳೆಯುವ ರಾಂಪಣಿ ಬಲೆಗಳನ್ನು 1970ರ ದಶಕದಲ್ಲಿ ಬಂದ ಯಂತ್ರದೋಣಿಗಳ ಪರ್ಸೀನ್ ಬಲೆ ಬದಿಗೆ ಸರಿಸಿತು. ಎಣಿಕೆಯ ಪಾಠವೂ ಅದರ ಹಿಂದೆಯೇ ಸರಿಯಿತು. ನಮ್ಮ ಹಿರಿಯರ ಮೊಮ್ಮಕ್ಕಳು ಕೆಂಗೇರಿ ಕಡೆ ಕಾಲೇಜಿಗೆ ಹೋಗುತ್ತಾರೆ, ಅವರಿಗೆ ತಾಳ ಗೊತ್ತಿಲ್ಲ. ಹಾಗಂತ ದೀಪದ ಕೆಲಸ ಮುಗಿದಿಲ್ಲ. ಬ್ಯಾಟರಿ ಸತ್ತಾಗ, ಉಪಗ್ರಹದ ಸಂಕೇತ ಕೆಟ್ಟಾಗ ಕಣ್ಣಿಗೆ ಕಾಣುವ ಬೆಳಕೇ ಗತಿ. ಪ್ರವಾಸೋದ್ಯಮದ ಹೆಸರಿನಲ್ಲಿ ಸರ್ಕಾರ ದೀಪಸ್ತಂಭಗಳ ಸುತ್ತ ಉದ್ಯಾನ, ಬೆಂಚು ಹಾಕುತ್ತಿದೆ. ಒಳ್ಳೆಯದೇ. ಆಲಪ್ಪುಳ, ಮಹಾಬಲಿಪುರಗಳಲ್ಲಿ ಹಳೆಯ ದೀಪ, ಮಸೂರಗಳನ್ನು ಜನ ನೋಡುವಂತೆ ಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ನಮ್ಮ ಕರಾವಳಿಯಲ್ಲೂ ಈ ಕೆಲಸ ಕನ್ನಡ, ತುಳು, ಕೊಂಕಣಿ ಬಲ್ಲ ಮೀನುಗಾರರ ನೆನಪನ್ನು ಸೇರಿಸಿಕೊಂಡು ಆಗಬೇಕು. ದೀಪ ನೋಡಿಕೊಂಡ ನೌಕರರ ಹೆಸರುಗಳ ಫಲಕ ಅಲ್ಲೇ ಏಳಬೇಕು. ಎಣಿಸಬಲ್ಲವರು ಇನ್ನೂ ಇದ್ದಾರೆ, ಹೆಚ್ಚು ಜನ ಇಲ್ಲ.

ಹೋಗುವವರಿಗೆ ಒಂದು ಮಾತು. ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ರಾತ್ರಿ ರೈಲು ಹಿಡಿದರೆ ಬೆಳಿಗ್ಗೆ ಉಡುಪಿ; ಅಲ್ಲಿಂದ ಕಾಪು ಸುಮಾರು 13 ಕಿಲೋಮೀಟರ್, ಮಂಗಳೂರು ಬಸ್ಸುಗಳು ನಿಲ್ಲುತ್ತವೆ. ಮಳೆಗಾಲದಲ್ಲಿ ನೀರಿಗಿಳಿಯಬೇಡಿ, ಬಂಡೆಯ ಬದಿಗೂ ಹೋಗಬೇಡಿ. ನವೆಂಬರಿನಿಂದ ಫೆಬ್ರವರಿಯವರೆಗೆ ಆಕಾಶ ತಿಳಿಯಾಗಿರುತ್ತದೆ. ಸಂಜೆ ಗೋಪುರ ಹತ್ತಲು ಬಿಡುತ್ತಾರೆ, ಹತ್ತಿ ಇಳಿಯಿರಿ. ಆಮೇಲೆ ಕಾರಿನ ಕಡೆ ಹೋಗದೆ ಮರಳಿನ ಮೇಲೆ ಒಂದು ಗಂಟೆ ಕೂತುಕೊಳ್ಳಿ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಿನುಗು ಎಣಿಸಲು ಹೇಳಿ.