ಎತ್ತಿದರೂ ಅದು ಇಳಿಸುವುದೇ

ನಮ್ಮ ಗ್ಯಾರೇಜುಗಳಲ್ಲಿ ‘ಇಂಜಿನ್ ಇಳಿಸಬೇಕು’ ಅನ್ನುತ್ತಾರೆ. ಅಂಬಾಸಡರ್ ಆಗಲಿ, ಹಳೆಯ ಎಂಜಿಬಿ ಸ್ಪೋರ್ಟ್ಸ್ ಕಾರಾಗಲಿ, ಇಂಜಿನ್ನನ್ನು ಮೇಲಕ್ಕೆತ್ತಿಯೇ ಹೊರತೆಗೆಯುವುದು. ಮಾತು ಮಾತ್ರ ಇಳಿಸುವುದು. ಈ ಎರಡು ಕಾರುಗಳನ್ನು ಒಂದೇ ಉಸಿರಲ್ಲಿ ಹೇಳಿದ್ದಕ್ಕೆ ಕಾರಣವಿದೆ. ಇಂಗ್ಲೆಂಡಿನ ಆಬಿಂಗ್ಡನ್ನಿನಲ್ಲಿ 1962ರಿಂದ 1980ರವರೆಗೆ ತಯಾರಾದ ಎಂಜಿಬಿಯ 1798 ಸಿಸಿ ಇಂಜಿನ್ನೂ ಅಂಬಾಸಡರಿನ ಹಳೆಯ 1489 ಸಿಸಿ ಪೆಟ್ರೋಲ್ ಇಂಜಿನ್ನೂ ಬಿಎಂಸಿ ಕಂಪನಿಯ ‘ಬಿ ಸೀರೀಸ್’ ಎಂಬ ಒಂದೇ ವಂಶದವು. ಅಂಬಾಸಡರಿನಲ್ಲಿ ಕೈ ಪಳಗಿದ ಮೇಸ್ತ್ರಿಗೆ ಎಂಜಿಬಿಯ ಬಾನೆಟ್ ತೆರೆದರೆ ನೆಂಟರ ಮನೆಗೆ ಹೋದಂತಿರುತ್ತದೆ. ಮನೆ ಸ್ವಲ್ಪ ಇಕ್ಕಟ್ಟು, ಅಷ್ಟೆ.

ಎತ್ತುವುದು ಅರ್ಧ ಗಂಟೆಯ ಕೆಲಸ. ದಿನವಿಡೀ ಹಿಡಿಯುವುದು ಬಿಡಿಸುವ ಕೆಲಸ. ಇಂಜಿನ್ ಗಾಳಿಯಲ್ಲಿ ತೂಗಾಡುವಾಗ ಕಳಚದೇ ಉಳಿದ ಒಂದು ವೈರು ಸಿಕ್ಕರೆ, ಅವಸರ ಮಾಡಿದವರಾರು ಎಂದು ಗೊತ್ತಾಗುತ್ತದೆ.

ಮೊದಲು ಬ್ಯಾಟರಿ. 1974ರವರೆಗಿನ ಎಂಜಿಬಿಗಳಲ್ಲಿ ಅದನ್ನು ಬಾನೆಟ್ ಕೆಳಗೆ ಹುಡುಕಬೇಡಿ. ಸೀಟುಗಳ ಹಿಂದೆ, ಮುಚ್ಚಳದಡಿ, ಆರಾರು ವೋಲ್ಟಿನ ಎರಡು ಬ್ಯಾಟರಿಗಳು ಜೋಡಿಯಾಗಿ ಕೂತಿರುತ್ತವೆ. ಆಮೇಲೆ ಬಾನೆಟ್. ಕೀಲಿನ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ಬಿಚ್ಚಿದರೆ ಮತ್ತೆ ಕೂರಿಸುವಾಗ ಅಂಚು ಸರಿಹೊಂದಿಸಲು ಒದ್ದಾಡಬೇಕಿಲ್ಲ. ಕೂಲೆಂಟ್ ಮತ್ತು ಆಯಿಲ್ ಇಳಿಸಿ, ರೇಡಿಯೇಟರನ್ನು ಅದನ್ನು ಹಿಡಿದ ತಗಡಿನ ಸಮೇತ ತೆಗೆಯಿರಿ. ಕಾರ್ಬುರೇಟರುಗಳನ್ನೂ ತೆಗೆದಿಟ್ಟರೆ ಎಡಬದಿ ಖಾಲಿಯಾಗುತ್ತದೆ.

ಪಾನಾಗಳ ಬಗ್ಗೆ ಒಂದು ಮಾತು. ಈ ಕಾರಿನ ನಟ್ಟು ಬೋಲ್ಟುಗಳು ಬಹುಪಾಲು ಇಂಚಿನ ಲೆಕ್ಕದವು. ಅರ್ಧ ಇಂಚು ಎಂದರೆ 12.7 ಮಿ.ಮೀ.; 13ರ ಪಾನಾ ಸಲೀಸಾಗಿ ಕೂರುತ್ತದೆ, ತಿರುಗುತ್ತದೆ ಕೂಡ, ಗಟ್ಟಿಯಾಗಿ ಹಿಡಿದ ನಟ್ಟಿನ ಮೇಲೆ ಮಾತ್ರ ಮೂಲೆಗಳನ್ನು ಸವೆಸಿ ಜಾರುತ್ತದೆ. ಸೈಲೆನ್ಸರ್ ಪೈಪು ಮ್ಯಾನಿಫೋಲ್ಡಿಗೆ ಸೇರುವಲ್ಲಿನ ಆರು ಹಿತ್ತಾಳೆ ನಟ್ಟುಗಳ ಮೇಲೆ ಇಂಥ ಪ್ರಯೋಗ ಬೇಡ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಮಲಗಿ.

ಎಲ್ಲರೂ ಎಡವುವ ಜಾಗ ಟೆಂಪರೇಚರ್ ಮೀಟರಿನ ತಂತಿ. ಹಳೆಯ ಎಂಜಿಬಿಗಳಲ್ಲಿ ಅದು ವೈರಲ್ಲ, ದಾರದಷ್ಟು ಸಣ್ಣ ಲೋಹದ ಕೊಳವೆ. ಒಂದು ತುದಿಯ ಬಲ್ಬು ಸಿಲಿಂಡರ್ ಹೆಡ್ಡಿನಲ್ಲಿ, ಇನ್ನೊಂದು ತುದಿ ಡ್ಯಾಶ್‌ಬೋರ್ಡಿನ ಮೀಟರಿನಲ್ಲಿ. ಒಳಗೆ ತುಂಬಿದ ಈಥರ್ ಬಿಸಿಗೆ ಒತ್ತಡ ಹೆಚ್ಚಿಸಿ ಮುಳ್ಳನ್ನು ತಳ್ಳುತ್ತದೆ. ಕೊಳವೆ ಮುರಿದರೆ ಈಥರ್ ಆವಿಯಾಗಿ ಮೀಟರೇ ಸತ್ತಂತೆ. ಹಾಗಾಗಿ ನಟ್ಟು ತಿರುಗಿಸುವಾಗ ಕೊಳವೆ ಜೊತೆಯಲ್ಲಿ ತಿರುಚದಂತೆ ಬೆರಳಲ್ಲಿ ಹಿಡಿದುಕೊಂಡಿರಬೇಕು. ಬಲ್ಬು ಬಂದ ಮೇಲೆ ದೊಡ್ಡ ಸುರುಳಿ ಸುತ್ತಿ ಗಾಜಿನ ಹತ್ತಿರ ಕಟ್ಟಿಬಿಡಿ. ಆಯಿಲ್ ಪ್ರೆಷರ್ ಮೀಟರಿನ ಪೈಪು, ಆಯಿಲ್ ಕೂಲರ್ ಹೋಸು ಇವನ್ನೂ ಮರೆಯಬಾರದು. ಕ್ಲಚ್ಚಿನ ಸ್ಲೇವ್ ಸಿಲಿಂಡರನ್ನು ಪೈಪ್ ಸಮೇತ ಬಿಚ್ಚಿ ಪಕ್ಕಕ್ಕೆ ತೂಗಿಹಾಕಿದರೆ ಮತ್ತೆ ಗಾಳಿ ತೆಗೆಯುವ ಕೆಲಸ ತಪ್ಪುತ್ತದೆ.

ಇಂಜಿನ್ ಒಂದನ್ನೇ ತೆಗೆಯಬಹುದು. ಗೇರ್‌ಬಾಕ್ಸ್ ಸಮೇತ ತೆಗೆಯುವುದೇ ನನಗೆ ಸರಿ. ಬಿಟ್ಟು ತೆಗೆದರೆ ಮತ್ತೆ ಕೂರಿಸುವಾಗ, ಸರಪಳಿಯಲ್ಲಿ ತೂಗುವ ಇಂಜಿನ್ನಿನ ಕ್ಲಚ್ ಪ್ಲೇಟಿನ ಹಲ್ಲುಗಳಿಗೆ ಗೇರ್‌ಬಾಕ್ಸಿನ ಶಾಫ್ಟನ್ನು ಕುರುಡರಂತೆ ಕೂಡಿಸಬೇಕು. ಭಾರ ಶಾಫ್ಟಿನ ಮೇಲೆ ಬಿದ್ದರೆ ಪ್ಲೇಟು ಹಾಳು. ಒಟ್ಟಿಗೆ ತೆಗೆಯಲು ಪ್ರೊಪೆಲ್ಲರ್ ಶಾಫ್ಟಿನ ನಾಲ್ಕು ಬೋಲ್ಟು, ಸ್ಪೀಡೋಮೀಟರ್ ಕೇಬಲ್, ಕಾರೊಳಗಿಂದ ಗೇರ್ ಲಿವರ್, ಕೊನೆಗೆ ಗೇರ್‌ಬಾಕ್ಸಿನಡಿ ಅಡ್ಡಪಟ್ಟಿ. ಅಡ್ಡಪಟ್ಟಿ ಬಿಚ್ಚುವ ಮುನ್ನ ಜಾಕಿ ಕೊಟ್ಟಿರಬೇಕು.

ಈಗ ಸರಪಳಿ. ಇಂಜಿನ್ನೂ ಗೇರ್‌ಬಾಕ್ಸೂ ಸೇರಿ 200 ಕಿಲೋ ಆಸುಪಾಸು. ರಾಕರ್ ಕವರಿನ ಎರಡು ನಟ್ಟುಗಳ ಜಾಗದಲ್ಲಿ ಎತ್ತುವ ಬಳೆ ಕೂರಿಸುವುದುಂಟು. ಬಳೆಗಳಿಗೆ ಸರಪಳಿಯ ಎರಡು ಕಾಲು ಕಟ್ಟಿ ನಡುವೆ ಕೊಕ್ಕೆ ಹಾಕಿದರೆ ಭಾರ ಅರ್ಧರ್ಧ ಹಂಚಿಹೋಯಿತೆಂದು ಅನಿಸುತ್ತದೆ. ಕಾಲುಗಳು ನೆಟ್ಟಗಿದ್ದರೆ ಮಾತ್ರ ಅದು ನಿಜ. ನೆಲಮಟ್ಟಕ್ಕೆ 60 ಡಿಗ್ರಿ ಕೋನದಲ್ಲಿದ್ದರೆ ಒಂದೊಂದು ಕಾಲಿನ ಮೇಲೆ ಸುಮಾರು 115 ಕಿಲೋ ಎಳೆತ. ಸರಪಳಿ ಗಿಡ್ಡವಾಗಿ 30 ಡಿಗ್ರಿಗೆ ಮಲಗಿದರೆ ಒಂದೊಂದರ ಮೇಲೂ ಪೂರ್ತಿ 200. ಸಾಲದ್ದಕ್ಕೆ ಆ ಎಳೆತ ಸ್ಟಡ್ಡುಗಳನ್ನು ಒಳಕ್ಕೆ ಬಾಗಿಸುತ್ತದೆ. ಅದಕ್ಕೇ ಎರಡು ಕಾಲನ್ನೂ ನೆಟ್ಟಗೆ ಹಿಡಿಯುವ ಅಡ್ಡಕಂಬಿ ಬಳಸುತ್ತಾರೆ. ಅದರ ಹಿಡಿಕೆ ತಿರುಗಿಸಿದರೆ ಕೊಕ್ಕೆ ಹಿಂದೆ ಮುಂದೆ ಸರಿದು ಇಂಜಿನ್ ವಾಲುತ್ತದೆ.

ವಾಲಿಸದೆ ಗತಿಯಿಲ್ಲ. ಇಂಜಿನ್ನಿನ ತಳದ ಆಯಿಲ್ ತೊಟ್ಟಿ, ಅಂದರೆ ಸಂಪು, ಮುಂದಿನ ಆಕ್ಸಲ್ ತೊಲೆಯ ಮೇಲೆ ಹಾದು ಬರಬೇಕು, ಉದ್ದನೆಯ ಗೇರ್‌ಬಾಕ್ಸಿನ ಬಾಲ ಸುರಂಗದಿಂದ ಜಾರಬೇಕು. ಮೂತಿ ಮೇಲೆ, ಬಾಲ ಕೆಳಗೆ, 45 ಡಿಗ್ರಿಯ ಆಸುಪಾಸಿಗೆ ಬಂದಾಗ ಬಾಲದ ತುದಿಯಿಂದ ಉಳಿದ ಗೇರ್ ಆಯಿಲ್ ಸುರಿಯುತ್ತದೆ. ಮೊದಲೇ ಪ್ಲಾಸ್ಟಿಕ್ ಚೀಲ ಕಟ್ಟಿದವರು ಜಾಣರು. ಕ್ರೇನಿನ ತೋಳಿನ ಮೇಲೆ ಬರೆದ ತೂಕಗಳನ್ನೂ ಓದಿ: ತೋಳು ಉದ್ದವಾದಷ್ಟೂ ಅದು ಹೊರುವ ಭಾರ ಕಡಿಮೆ.

ಎರಡು ಬೆರಳಿನಷ್ಟು ಎತ್ತಿ ನಿಲ್ಲಿಸಿ, ಸುತ್ತ ನೋಡಿ. ಬಿಗಿದು ನಿಂತದ್ದೇನಾದರೂ ಇದೆಯೆ? ಮತ್ತೆ ಎರಡು ಬೆರಳು. ಒಬ್ಬರು ಕ್ರೇನಿನ ಪಂಪ್ ಹೊಡೆದರೆ ಇನ್ನೊಬ್ಬರು ಬಾಲ ಹಿಡಿದು ದಾರಿ ತೋರಿಸಬೇಕು, ಕೈ ಮಾತ್ರ ಇಂಜಿನ್ನಿನ ಕೆಳಗೆ ಹೋಗಬಾರದು. ಭಾರ ಹೋದಂತೆ ಮುಂದಿನ ಸ್ಪ್ರಿಂಗುಗಳು ಉಸಿರೆಳೆದು ಕಾರಿನ ಮೂತಿ ಏಳುವುದರಿಂದ ಎಣಿಸಿದ್ದಕ್ಕಿಂತ ಇನ್ನಷ್ಟು ಎತ್ತಬೇಕಾಗುತ್ತದೆ. ಸಂಪು ಮುಂದಿನ ತಗಡನ್ನು ದಾಟಿದ ಮೇಲೆ ಕ್ರೇನ್ ಎಳೆಯಬೇಡಿ, ಗೇರಿಲ್ಲದ ಕಾರನ್ನು ಹಿಂದಕ್ಕೆ ತಳ್ಳಿ. ತಕ್ಷಣ ಇಂಜಿನ್ನನ್ನು ಹಳೆಯ ಟೈರಿನ ಮೇಲೆ ಕೂರಿಸಿ, ಬಿಚ್ಚಿದ ಬೋಲ್ಟುಗಳನ್ನು ಅವುಗಳದೇ ತೂತುಗಳಿಗೆ ಬೆರಳಲ್ಲಿ ತಿರುಗಿಸಿಡಿ. ಆಗ ಅದು ನಿಜಕ್ಕೂ ಇಳಿದಂತೆ.